ಊರಿನ ಕೊನೆಯ ನೈದೆನ್

"ಅಜ್ಜನ ಹೆಸರಲ್ಲಿ ಒಂದಕ್ಷರ ಇಟ್ಕೋತಾರೆ, ನೋಡ್ತಿರು," ಎಂದಳು ಗೆನಾ. "ನಮ್ಮ ಮುದುಕನ ಹೆಸರು ಸ್ಪಾಸ್. ಮೊಮ್ಮಗ ಹುಟ್ಟಿದಾಗ 'ಸ' ಒಂದನ್ನ ಇಟ್ಕೊಂಡು ಸಿಮೆಯೋನ್ ಅಂತ ಕರೆದ್ರು. ಮಿಕ್ಕಿದ್ದನ್ನ ಕೋಳಿಗೆ ಹಾಕಿದ್ರು."

ವೆಲಿಕಾ ನಗಲಿಲ್ಲ. ಬಿತ್ತನೆಯ ಆಲೂಗಡ್ಡೆ ಹೋಳು ಮಾಡುತ್ತ ಇಬ್ಬರೂ ಹಿತ್ತಿಲ ಬೆಂಚಿನ ಮೇಲೆ ಕೂತಿದ್ದರು. ಗೆನಾ ಪಕ್ಕದ ಮನೆಯವಳು. ಬೇಲಿಯ ಸಂದಿಯಿಂದ ನುಸುಳಿ ಬಂದಳೆಂದರೆ ಸಂಜೆಯ ತನಕ ಏಳುವವಳಲ್ಲ. ವೆಲಿಕಾಳ ಸೊಸೆ ರಲಿತ್ಸಾ ಮತ್ತೆ ಬಸುರಿ, ಈ ಸಲ ಗಂಡು ಎಂಬ ಸುದ್ದಿ ಆ ಬೆಳಿಗ್ಗೆಯಷ್ಟೇ ಬೇಲಿ ದಾಟಿತ್ತು.

"ನಮ್ಮ ರಲಿತ್ಸಾ ಹಾಗಲ್ಲ," ಎಂದಳು ವೆಲಿಕಾ.

"ಹೆರೋತನಕ ಯಾರೂ ಹಾಗಲ್ಲ ಕಣೇ."

ವೆಲಿಕಾಳ ಗಂಡನ ಹೆಸರು ನೈದೆನ್. ಎರಡು ಚಳಿಗಾಲದ ಹಿಂದೆ ತೀರಿಕೊಂಡ. ಅವನೊಂದಿಗೆ ಆ ಹೆಸರೂ ಊರಿನಿಂದ ಹೋಯಿತು. ಮೊದಲು ಹಾಗಿರಲಿಲ್ಲ. ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಗಿರಣಿ ನೈದೆನ್ ಇದ್ದ, ಕುಂಟ ನೈದೆನ್ ಇದ್ದ, ಯಾವಾಗಲೂ ಬಿಕ್ಕಳಿಸುವ ನೈದೆನ್ ಒಬ್ಬನಿದ್ದ, ಅವನ ಸೋದರಳಿಯ ಚಿಕ್ಕ ನೈದೆನ್ ಇದ್ದ. ಅವಳ ಗಂಡನನ್ನು ಊರವರು ಜೇನು ನೈದೆನ್ ಎನ್ನುತ್ತಿದ್ದರು, ಹಿತ್ತಿಲಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ ಕಾರಣ. ಯಾರ ಮನೆಯ ಸುದ್ದಿ ಎತ್ತಿದರೂ ಮೊದಲು "ಯಾವ ನೈದೆನ್?" ಎಂದು ಕೇಳಬೇಕಾಗುತ್ತಿತ್ತು.

ನೈದೆನ್ ಎಂದರೆ ಸಿಕ್ಕವನು. ಒಂದು ಮನೆಯಲ್ಲಿ ಹುಟ್ಟಿದ ಮಕ್ಕಳು ಉಳಿಯದೆ ಹೋದರೆ, ಮುಂದಿನ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ದಾರಿಗಳು ಕೂಡುವಲ್ಲಿ ಇಟ್ಟು ಮರೆಯಲ್ಲಿ ನಿಲ್ಲುತ್ತಿದ್ದರು. ಮೊದಲು ಆ ದಾರಿಯಲ್ಲಿ ಬಂದವನು, ಅವನು ಯಾರೇ ಆಗಿರಲಿ, ಮಗುವನ್ನು ಎತ್ತಿಕೊಂಡು ಹೆಸರಿಡಬೇಕು. ಅಲ್ಲಿಂದ ಅವನು ಆ ಮಗುವಿಗೆ ಧರ್ಮದಪ್ಪ. ಆಮೇಲೆ ಸಾವು ಹುಡುಕಿಕೊಂಡು ಬಂದರೆ, ಇದು ಆ ಮನೆಯ ಮಗುವಲ್ಲವಲ್ಲ, ದಾರಿಯಲ್ಲಿ ಸಿಕ್ಕಿದ್ದು ಎಂದು ಗೊಂದಲಗೊಂಡು ವಾಪಸು ಹೋಗಬೇಕು. ವೆಲಿಕಾಳ ಗಂಡನನ್ನು ಎತ್ತಿಕೊಂಡವನು ಪಾತ್ರೆಗೆ ಕಲಾಯಿ ಹಾಕುತ್ತ ಊರೂರು ಸುತ್ತುವವನಂತೆ. ಹೆಸರಿಟ್ಟ, ಒಂದು ಗುಟುಕು ರಾಕಿಯಾ ಸಾರಾಯಿ ಕುಡಿದ, ಹೊರಟುಹೋದ. ಮತ್ತೆ ಈ ಕಡೆ ಬರಲಿಲ್ಲ.

ಆಮೇಲೆ ಊರಿಗೆ ದಾದಿ ಬಂದಳು, ಚುಚ್ಚುಮದ್ದು ಬಂತು, ಆಸ್ಪತ್ರೆಗೆ ಬಸ್ಸು ಬಂತು. ಮಕ್ಕಳು ಉಳಿಯತೊಡಗಿದರು. ಉಳಿಯುವ ಮಗುವನ್ನು ಯಾರು ತಾನೇ ದಾರಿಯಲ್ಲಿ ಇಡುತ್ತಾರೆ? ಪ್ಲಾಮೆನ್, ವಾಲೆರಿ ಎಂಬ ಹೆಸರುಗಳು ಬಂದವು. ಟೀವಿ ಧಾರಾವಾಹಿ ನೋಡಿ ಇಟ್ಟ ಹೆಸರುಗಳು ಬಂದವು. ಈಗ ಪಟ್ಟಣದ ಶಿಶುವಿಹಾರದಲ್ಲಿ ಅಲೆಕ್ಸ್ ಎಂದರೆ ಅರ್ಧ ಕೋಣೆ ತಿರುಗಿ ನೋಡುತ್ತದೆ.

ನೈದೆನ್ ಎಂಬ ಹೆಸರು ಹೋದದ್ದು ಒಳ್ಳೆಯ ಕಾರಣಕ್ಕೇ ಎಂದು ವೆಲಿಕಾಗೆ ಗೊತ್ತಿತ್ತು. ಅದಕ್ಕೇ, ಹೋಯಿತಲ್ಲ ಎಂದು ಕೊರಗಲು ಅವಳಿಗೆ ಸಂಕೋಚ. ಆದರೆ ಸಂಕೋಚವಿದ್ದ ಮಾತ್ರಕ್ಕೆ ಆಸೆ ಸುಮ್ಮನಿರುವುದಿಲ್ಲ. ಬದುಕಿಡೀ ದಿನಕ್ಕೆ ಎಷ್ಟೋ ಸಲ ನಾಲಿಗೆಯ ಮೇಲೆ ಬಂದು ಹೋಗುತ್ತಿದ್ದ ಹೆಸರಿಗೆ ಈಗ ಕೆಲಸವೇ ಇರಲಿಲ್ಲ. ಟೊಮೇಟೊ ಗಿಡಕ್ಕೆ ಕೋಲು ಕಟ್ಟುವಾಗ, ಯಾರೂ ಇಲ್ಲವೆಂದು ನೋಡಿಕೊಂಡು, "ನೈದೆನೇ, ಆ ದಾರ ಕೊಡು" ಎಂದುಬಿಡುತ್ತಿದ್ದಳು. ಗಂಡ ಬೇಕು ಎಂಬ ಹಂಬಲ ಒಂದು. ಅದಕ್ಕೆ ಮದ್ದಿಲ್ಲವೆಂದು ಅವಳು ಒಪ್ಪಿಕೊಂಡಿದ್ದಳು. ಆದರೆ ಆ ಹೆಸರು ಹಿಡಿದು ಕರೆದರೆ ಮನೆಯೊಳಗಿಂದ ಯಾರಾದರೂ "ಆಂ?" ಎನ್ನಬೇಕು ಎಂಬುದು ಬೇರೆಯೇ ಹಂಬಲ. ಅದಕ್ಕೆ ಮದ್ದು ರಲಿತ್ಸಾಳ ಹೊಟ್ಟೆಯಲ್ಲಿತ್ತು.

ಅದೇ ವಾರ ಊಟಕ್ಕೆ ಕೂತಾಗ ಮಾತು ತಾನಾಗಿ ಬಂತು.

"ನೋವಾ ಅಂತ ಇಡೋಣ ಅಂದ್ಕೊಂಡಿದೀವಿ ಅತ್ತೆ," ಎಂದಳು ರಲಿತ್ಸಾ. "ಮಾವನ ಅಕ್ಷರವೇ ಬಂತಲ್ಲ."

"ನೋವಾ?" ವೆಲಿಕಾ ಚಮಚ ಕೆಳಗಿಟ್ಟಳು. "ಪ್ರಳಯದ ಕಥೆಯ ನೋವಾನ ಹಾಗೆ ಈ ಬೆಟ್ಟದ ಮೇಲೆ ದೋಣಿ ಎಲ್ಲಿ ಕಟ್ತಾನೆ?"

ಮಗ ಬೊಯಾನ್ ನಕ್ಕು ಸೂಪು ನೆತ್ತಿಗೆ ಹತ್ತಿಸಿಕೊಂಡ. ಅವನು ರಸ್ತೆ ರಿಪೇರಿ ಕೆಲಸದವನು, ದಿನವಿಡೀ ಬಿಸಿಲಲ್ಲಿ ನಿಂತು ಬರುವವನು. ಮನೆಯಲ್ಲಿ ಜಗಳ ಬೇಡ ಎಂಬುದಷ್ಟೇ ಅವನ ಪ್ರಾರ್ಥನೆ.

"ಪೂರ್ತಿ ಹೆಸರು ಇಟ್ಟರೇನಂತೆ? ನೈದೆನ್ ಅಂದ್ರೆ ನಾಲಿಗೆ ಉಳುಕುತ್ತಾ?"

"ಕೋಪ ಮಾಡ್ಕೋಬೇಡಿ ಅತ್ತೆ. ಶಾಲೇಲಿ ಮಕ್ಕಳು ಸುಮ್ನೆ ಬಿಡ್ತಾರಾ? ನೀನೆಲ್ಲಿ ಸಿಕ್ಕಿದೆ, ಕಸದ ತೊಟ್ಟೀಲಾ ಅಂತಾರೆ. ಮಾವನಿಗೇ ಅಂತಿದ್ರಂತೆ. ಅವರೇ ಹೇಳಿದ್ರು ನಂಗೆ."

ಅದು ನಿಜವೇ. ನೈದೆನ್ ಹೆಂಡತಿಗೆ ಹೇಳದ್ದನ್ನೂ ಸೊಸೆಯೊಂದಿಗೆ ಹೇಳುತ್ತಿದ್ದ. ವೆಲಿಕಾ ಎದ್ದು ಚೀಸ್ ತುಂಬಿ ಸುಟ್ಟ ಬಾನಿತ್ಸಾದ ತಟ್ಟೆ ತಂದಿಟ್ಟಳು. ಆ ರಾತ್ರಿಯ ಮಾತು ಅಲ್ಲಿಗೆ ಮುಗಿಯಿತು.

ಮುಂದೆ ಹೆಸರಿನ ಮಾತೇ ಬರಲಿಲ್ಲ. ಎರಡು ಸಲ ಬಸುರು ಇಳಿದುಹೋಗಿದ್ದ ರಲಿತ್ಸಾಗೆ ಈ ಸಲ ಇನ್ನೂ ದಿನ ತುಂಬುವ ಮೊದಲೇ ನೋವು ಬಂತು. ಮಗು ಹುಟ್ಟಿತು, ಅಂಗೈಯಗಲದ್ದು, ಅಳುವುದಕ್ಕೂ ಶಕ್ತಿಯಿಲ್ಲದ್ದು. ಜಿಲ್ಲಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿತು. ಅದಕ್ಕೆ ನೋವಾ ಎನ್ನಲೂ ರಲಿತ್ಸಾಗೆ ಬಾಯಿ ಬರಲಿಲ್ಲ. ಹೆಸರಿಟ್ಟರೆ ಕಳೆದುಕೊಳ್ಳಲು ಒಂದು ಹೆಸರೂ ಸೇರಿಕೊಳ್ಳುತ್ತದೆ ಎಂದು ಬೊಯಾನ್‌ಗೆ ಹೇಳಿದಳಂತೆ. ಊರಿನ ಕಚೇರಿಯಲ್ಲಿ ಜನನ ಬರೆದುಕೊಳ್ಳುವವಳು ಗೆನಾಳ ತಂಗಿ. ಒಂದೆರಡು ಸಲ ಹೇಳಿ ಕಳಿಸಿದಳು, ಆಮೇಲೆ ಗದರಿಸಿ ಹೇಳಿ ಕಳಿಸಿದಳು: "ಹಬ್ಬ ಮುಗಿಯೋದ್ರೊಳಗೆ ಹೆಸರು ಹೇಳದಿದ್ರೆ ನಾನೇ ಏನೋ ಒಂದು ಬರೆದು ಬಿಡ್ತೀನಿ. ಆಮೇಲೆ ಅಳಬೇಡಿ."

ಹಬ್ಬ ಎಂದರೆ ಜುಲೈಯಲ್ಲಿ ಬರುವ, ಸಿಡಿಲಿನ ಒಡೆಯ ಸಂತ ಇಲಿಯಾನ ಹಬ್ಬ. ಅದಕ್ಕೆ ಸ್ವಲ್ಪ ಮುಂಚೆ ಮಗು ಮನೆಗೆ ಬಂತು. ಡಾಕ್ಟರು ಧೈರ್ಯ ಹೇಳಿದ್ದರು. ರಲಿತ್ಸಾಗೆ ಧೈರ್ಯ ಬರಲಿಲ್ಲ. ಮಗು ಮಲಗಿದರೆ ಅದರ ಮೂಗಿನ ಹತ್ತಿರ ಕೆನ್ನೆಯಿಟ್ಟು ಉಸಿರು ನೋಡುವಳು. ಎದ್ದರೆ ಏಕೆ ಎದ್ದಿತು ಎಂದು ಹೆದರುವಳು. ಅವಳ ಕಣ್ಣಿನ ಕೆಳಗೆ ಮಸಿ ಬಳಿದಂತಾಗಿತ್ತು.

ಒಂದು ಮಧ್ಯಾಹ್ನ ವೆಲಿಕಾ ಮಗುವಿನ ಬಟ್ಟೆ ಹಿಂಡುತ್ತಿದ್ದಾಗ ರಲಿತ್ಸಾ ಹಿಂದೆ ಬಂದು ನಿಂತಳು.

"ಅತ್ತೆ, ಮಾವನ್ನ ಎಲ್ಲಿ ಇಟ್ಟಿದ್ರು?"

"ಎಲ್ಲಿ ಇಟ್ಟಿದ್ರು ಅಂದ್ರೆ? ಸಮಾಧಿ ಗೊತ್ತಿಲ್ವಾ ನಿಂಗೆ?"

"ಅದಲ್ಲ. ಮಗುವಾಗಿದ್ದಾಗ. ದಾರೀಲಿ."

ವೆಲಿಕಾಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಅವಳಿಗೆ ಮೊದಲು ಬಂದದ್ದು ಸಂತೋಷ. ಸೊಸೆಯ ಮುಖ ನೋಡಿದ ಮೇಲೆ ಬಂದದ್ದು ನಾಚಿಕೆ. ಈ ಹುಡುಗಿ ಹೆದರಿ ಕೇಳುತ್ತಿದ್ದಾಳೆ, ನಾನು ಹಿಗ್ಗುತ್ತಿದ್ದೇನೆ ಎಂದುಕೊಂಡಳು. ಎರಡೂ ಒಟ್ಟಿಗೆ ಇರಬಹುದೇ, ಇದ್ದರೆ ಅದು ತಪ್ಪೇ ಎಂದು ತೀರ್ಮಾನಿಸಲು ಅವಳಿಗೆ ಆಗಲಿಲ್ಲ.

"ನಲ್ಲಿಗೋಡೆ ಹತ್ತಿರ," ಎಂದಳು. "ಮೇಲಿನ ದಾರಿ, ಕೆಳಗಿನ ದಾರಿ ಸೇರೋ ಕಡೆ."

"ಡಾಕ್ಟರು ಹೇಳಿದ್ದೆಲ್ಲ ಮಾಡ್ತೀನಿ, ಔಷಧಿ ಎಲ್ಲ ಕೊಡ್ತೀನಿ. ಇದನ್ನೂ ಮಾಡೋಣ. ಮಾಡದೆ ಬಿಟ್ಟು ಏನಾದ್ರೂ ಆದ್ರೆ ನಂಗೆ ತಡ್ಕೊಳ್ಳೋಕಾಗಲ್ಲ." ರಲಿತ್ಸಾ ಕಣ್ಣೊರೆಸಿಕೊಂಡಳು. "ಹೆಸರು ನೈದೆನ್ನೇ ಆಗಲಿ. ಕಸದ ತೊಟ್ಟೀಲಿ ಸಿಕ್ಕಿದೆಯಾ ಅನ್ನಲಿ. ಅನ್ನಿಸಿಕೊಳ್ಳೋಕೆ ಅವನು ಇದ್ರೆ ಸಾಕು."

ನಿಯಮಗಳನ್ನು ವೆಲಿಕಾ ತನ್ನ ಅತ್ತೆಯ ಬಾಯಿಂದ ಕೇಳಿದ್ದಳು. ಮಗು ಒಂಟಿಯಾಗಿ ಮಲಗಿರಬೇಕು. ಮನೆಯವರು ಮರೆಯಲ್ಲಿರಬೇಕು. ಬಂದವನು ಮಗುವನ್ನು ಎತ್ತಿ ಹೆಸರು ಹೇಳುವ ತನಕ ಮನೆಯವರು ತುಟಿ ಬಿಚ್ಚಬಾರದು, ಸನ್ನೆ ಮಾಡಬಾರದು, ಕೆಮ್ಮಲೂ ಬಾರದು. ಮನೆಯವರ ದನಿ ಹೆಸರಿಗೆ ತಾಗಿದರೆ ಸಾವು ಆ ದನಿಯ ಜಾಡು ಹಿಡಿದು ಬರುತ್ತದೆ.

ಆದರೆ ಬಂದವನು ಬೇರೇನೋ ಹೆಸರು ಹೇಳಿಬಿಟ್ಟರೆ? ಅಲ್ಲಿ ವೆಲಿಕಾ ಒಂದು ಉಪಾಯ ಮಾಡಿದಳು. ಬೇಲಿಯ ಸಂದಿಯಿಂದ ನುಸುಳಿ ಗೆನಾಳ ಮನೆಗೆ ಹೋದಳು.

"ಸ್ಪಾಸ್, ನೀನು ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸುಮ್ನೆ ಹಾಗೇ ನಲ್ಲಿಗೋಡೆ ಕಡೆ ಬರ್ತೀಯ."

"ಯಾಕೆ ಬರ್ತೀನಿ?" ಎಂದ ಗೆನಾಳ ಗಂಡ ಸ್ಪಾಸ್.

"ನೀರು ಕುಡಿಯೋಕೆ."

"ಮನೇಲಿ ನೀರಿದೆಯಲ್ಲ."

"ಅಯ್ಯೋ ಮರದ ಕೊರಡೇ!" ಎಂದಳು ಗೆನಾ. "ಬುಟ್ಟಿ ನೋಡ್ತೀಯ, ಎತ್ಕೋತೀಯ, ನೈದೆನ್ ಅಂತೀಯ. ಮೂರೇ ಕೆಲಸ. ಜನ್ಮದಲ್ಲಿ ಒಂದ್ಸಲ ಧರ್ಮದಪ್ಪ ಆಗೋ ಭಾಗ್ಯ, ಅದಕ್ಕೂ ಪ್ರಶ್ನೆ ಕೇಳ್ತಾನೆ."

ವೆಲಿಕಾ ಮನೆಗೆ ಬಂದ ಮೇಲೆ ಇದು ಮೋಸವಾಗುತ್ತದೆಯೇ ಎಂಬ ಚಿಂತೆ ಹತ್ತಿತು. ಸ್ಪಾಸ್ ಮನೆಯವನಲ್ಲ, ನಿಜ. ಆದರೆ ಅವನ ಬಾಯಿಗೆ ಹೆಸರು ಹಾಕಿದವಳು ಮನೆಯವಳೇ. ಹಳೇ ಕಾಲದಲ್ಲೂ ಎಷ್ಟೋ ಜನ ಹೀಗೆ ಮಾಡಿರಬಹುದು ಎಂದು ಸಮಾಧಾನ ಹೇಳಿಕೊಂಡಳು. ಮಾಡಿದವರ ಮಕ್ಕಳು ಉಳಿದವೇ ಎಂದು ಮನಸ್ಸು ತಿರುಗಿ ಕೇಳಿತು.

ಬೊಯಾನ್‌ಗೆ ಹೇಳಿದಾಗ ಅವನು ತಲೆ ಮೇಲೆ ಕೈಹೊತ್ತ.

"ಮಗೂನ ರಸ್ತೆ ಪಕ್ಕ ಇಡ್ತೀರಾ? ನಾನು ದಿನಾ ರಸ್ತೇಲಿ ಏನೇನು ನೋಡ್ತೀನಿ ಗೊತ್ತಾ ನಿಮಗೆ? ಪೊಲೀಸರು ಬಂದ್ರೆ ಏನ್ ಹೇಳೋದು, ಸಾವಿಗೆ ದಾರಿ ತಪ್ಪಿಸ್ತಿದೀವಿ ಅಂತಾನಾ?"

"ಹುಲ್ಲಿನ ಮೇಲೆ ಇಡೋದು, ರಸ್ತೆ ಮೇಲಲ್ಲ," ಎಂದಳು ರಲಿತ್ಸಾ. "ನೀನು ಕೆಳಗಿನ ತಿರುವಲ್ಲಿ ನಿಂತ್ಕೋ. ನಿನ್ನ ಕಿತ್ತಳೆ ಜಾಕೆಟ್ ಹಾಕ್ಕೊಂಡು, ಬರೋ ಗಾಡಿ ನಿಲ್ಲಿಸು. ಅದನ್ನ ತಾನೇ ದಿನಾ ಮಾಡೋದು?"

ಹೆಂಡತಿ ಮಗು ಹುಟ್ಟಿದ ಮೇಲೆ ಮೊದಲ ಸಲ ಸ್ವಲ್ಪ ಜೋರಾಗಿ ಮಾತಾಡಿದ್ದಳು. ಅದನ್ನು ಕೇಳಿಯೇ ಬೊಯಾನ್ ಒಪ್ಪಿದ.

ಹಬ್ಬದ ಹಿಂದಿನ ದಿನ ಬಿಸಿಲೇರುವ ಮುಂಚೆ ಹೊರಟರು. ಬೊಯಾನ್ ಜಾಕೆಟ್ ತೊಟ್ಟು, ನಿಲ್ಲಿ ಎಂಬ ಫಲಕ ಹಿಡಿದು ಪಟ್ಟಣದ ಕಡೆಯ ತಿರುವಿಗೆ ಹೋದ. ಹೆಂಗಸರು ನಲ್ಲಿಗೋಡೆಯ ಹತ್ತಿರ ಬಂದರು. ಅದು ಕಲ್ಲಿನ ಗೋಡೆ; ಅದರ ಮುಂಭಾಗದಲ್ಲಿ ಕೊಳವೆಯಿಂದ ಬುಗ್ಗೆಯ ನೀರು ಹಗಲಿರುಳು ಸುರಿಯುತ್ತದೆ. ಹಿಪ್ಪುನೇರಳೆ ಮರದ ನೆರಳಿನ ಹುಲ್ಲಿನಲ್ಲಿ ವೆಲಿಕಾ ಬುಟ್ಟಿ ಇಟ್ಟಳು. ದೃಷ್ಟಿ ತಾಗದಿರಲೆಂದು ಬುಟ್ಟಿಯ ಹಿಡಿಗೆ ಕೆಂಪು ದಾರ, ಮಗುವಿನ ತಲೆಯ ಹತ್ತಿರ ಒಂದು ಬೆಳ್ಳುಳ್ಳಿ. ಮಗು ಕಣ್ಣು ಬಿಟ್ಟುಕೊಂಡು ಎಲೆಗಳನ್ನು ನೋಡುತ್ತಿತ್ತು. ರಲಿತ್ಸಾಗೆ ಬುಟ್ಟಿಯಿಂದ ಕೈ ಬಿಡಿಸಿಕೊಳ್ಳಲಾಗದೆ ವೆಲಿಕಾ ಅವಳ ಸೊಂಟ ಹಿಡಿದು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋದಳು.

ಈಗ ಸ್ಪಾಸ್ ಬರಬೇಕು. ಸ್ಪಾಸ್ ಬರಲಿಲ್ಲ.

ಹಬ್ಬಕ್ಕೆ ಕುರಿಮಾಂಸ ಹೇಳಿದ್ದು, ದ್ರಾಕ್ಷಿ ಎಲೆ ಕೊಯ್ದದ್ದು, ಹಬ್ಬದ ದಿನ ಸಿಡಿಲಿಗೆ ಹೆದರಿ ಯಾರೂ ಕೆಲಸ ಮಾಡುವುದಿಲ್ಲವೆಂದು ಹುಲ್ಲನ್ನು ಮುಂಚೆಯೇ ಒಳಗೆ ಹಾಕಿದ್ದು, ಎಲ್ಲ ಅವರಿಗೆ ನೆನಪಿತ್ತು. ಒಂದು ಮಾತ್ರ ಮರೆತಿದ್ದರು. ಬ್ರೆಡ್ಡಿನ ವ್ಯಾನು ಬೇರೆ ದಿನಗಳಲ್ಲಿ ಪಟ್ಟಣದ ಕಡೆಯಿಂದ ಹತ್ತಿ ಬರುತ್ತದೆ. ಹಬ್ಬದ ಮುನ್ನಾದಿನ ಮಾತ್ರ ಬೆಳಕು ಹರಿಯುವ ಮೊದಲೇ ಬೆಟ್ಟದ ಮೇಲಿನ ಊರುಗಳಿಗೆ ಹೋಗಿ ಅಲ್ಲಿಂದ ಇಳಿದು ಬರುತ್ತದೆ. ಅವರು ಬೊಯಾನ್‌ನನ್ನು ನಿಲ್ಲಿಸಿದ್ದು ಕೆಳಗೆ.

ಮೇಲಿನ ದಾರಿಯಲ್ಲಿ ಇಂಜಿನ್ನಿನ ಸದ್ದು ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಡಿಹೋಗಿ ಮಗುವನ್ನು ಎತ್ತಿಕೊಳ್ಳಬಹುದಿತ್ತು. ಎತ್ತಿಕೊಂಡರೆ ಸಿಗುವ ಮೊದಲೇ ಹಿಂದಕ್ಕೆ ಪಡೆದಂತೆ. ಅದು ಇಡದೆ ಇರುವುದಕ್ಕಿಂತ ಕೆಟ್ಟದ್ದು. ಅಷ್ಟರಲ್ಲಿ ವ್ಯಾನು ನಿಂತಿತು, ಬಾಗಿಲು ತೆರೆಯಿತು, ಬಿಸಿ ಬ್ರೆಡ್ಡಿನ ವಾಸನೆ ಗೋಡೆಯ ಈಚೆಗೂ ಬಂತು.

"ಅಯ್ಯೋ ದೇವ್ರೇ!" ಒಬ್ಬ ಗಂಡಸಿನ ದನಿ. "ಯಾರ್ರೀ? ಯಾರ ಮಗು ಇದು? ಯಾರೂ ಇಲ್ವಾ?"

ಗೋಡೆಯ ಬಿರುಕಿನಲ್ಲಿ ವೆಲಿಕಾ ಕಣ್ಣಿಟ್ಟಳು. ವಾರಕ್ಕೆರಡು ಸಲ ಬರುವ ಡ್ರೈವರು ಅಲ್ಲ. ಹಬ್ಬಕ್ಕೆಂದು ಹಾಕಿದ ಬೇರೆ ಯಾರೋ. ಐವತ್ತು ದಾಟಿದವನು, ಬೋಳುತಲೆ, ಹೊಟ್ಟೆ, ಮೊಣಕೈವರೆಗೆ ಹಿಟ್ಟು. ಜೇಬಿನಿಂದ ಫೋನು ತೆಗೆದ. ಪೊಲೀಸರಿಗೆ ಮಾಡುತ್ತಾನೆ ಎಂದು ರಲಿತ್ಸಾಳ ಉಗುರು ವೆಲಿಕಾಳ ತೋಳಿಗೆ ಇಳಿಯಿತು. ಅವನು ಬಗ್ಗಿ ನೋಡಿದ. ಕೆಂಪು ದಾರ ನೋಡಿದ, ಬೆಳ್ಳುಳ್ಳಿ ನೋಡಿದ. ಫೋನು ಜೇಬಿಗೆ ಹೋಯಿತು.

"ಓಹೋಹೋ," ಎಂದು ತನ್ನಷ್ಟಕ್ಕೆ ನಕ್ಕ. "ನಮ್ಮಜ್ಜಿ ಹೇಳ್ತಿದ್ಲು. ಇನ್ನೂ ಮಾಡ್ತಾರಾ ಇದನ್ನ? ತಡಿಯಪ್ಪ ಸಾಹೇಬ, ಕೈ ತುಂಬಾ ಹಿಟ್ಟು. ತೊಳ್ಕೊಂಡು ಬರ್ತೀನಿ."

ಅವನು ನೇರ ಗೋಡೆಯ ಕಡೆಗೇ ಬಂದ. ವೆಲಿಕಾ ಬಿರುಕಿನಿಂದ ಹಿಂದೆ ಸರಿದಳು. ಈಗ ಅವನಿಗೂ ಅವರಿಗೂ ನಡುವೆ ಒಂದು ಮೊಳ ದಪ್ಪದ ಕಲ್ಲು ಮಾತ್ರ. ನೀರಿನಲ್ಲಿ ಕೈ ತೊಳೆಯುವ ಸದ್ದು. ಆಮೇಲೆ ಸದ್ದಿಲ್ಲ. ಅವನು ಏನನ್ನೋ ಓದುತ್ತಿದ್ದ.

ಏನನ್ನು ಎಂದು ವೆಲಿಕಾಗೆ ಗೊತ್ತಾಯಿತು. ಗಂಡ ತೀರಿಕೊಂಡ ಎರಡನೆಯ ವರ್ಷಕ್ಕೆ ಅವಳೇ ಅಂಟಿಸಿದ ಹಾಳೆ, ಎಲ್ಲರೂ ತಮ್ಮ ಸತ್ತವರಿಗೆ ಅಂಟಿಸುವ ಹಾಗೆ: ಕಪ್ಪು ಅಂಚು, ಟೋಪಿ ಹಾಕಿದ ಪಟ, ಕೆಳಗೆ ಹೆಸರು. ಮನೆಯ ಗೇಟಿಗೊಂದು, ಬಸ್ ನಿಲ್ದಾಣಕ್ಕೊಂದು, ನಲ್ಲಿಗೋಡೆಗೊಂದು. ನೀರಿಗೆ ಬಂದವರೆಲ್ಲ ನೋಡಲಿ ಎಂದು ಅಂಟಿಸಿದ್ದಳು. ದಿನಾ ಅದರ ಮುಂದೆ ನೀರು ಹಿಡಿಯುತ್ತಿದ್ದವಳಿಗೆ ಈ ಬೆಳಿಗ್ಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

"ಎರಡು ವರ್ಷ, ನೀನಿಲ್ಲದೆ," ಅವನು ಗಟ್ಟಿಯಾಗಿ, ಶಾಲೆಯ ಹುಡುಗನಂತೆ ಓದಿದ. "ನೈದೆನ್." ಒಂದು ಕ್ಷಣ ಬಿಟ್ಟು ಮತ್ತೆ ಹೇಳಿದ, ಈ ಸಲ ಹೆಸರಿನ ರುಚಿ ನೋಡುವವನಂತೆ. "ನೈದೆನ್!"

ಆ ಜಾಗದಲ್ಲಿ ಗಂಡಸಿನ ದನಿಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. ವೆಲಿಕಾಳ ಗಂಟಲಲ್ಲಿ ಉತ್ತರ ತಾನಾಗಿ ಎದ್ದು ಬಂತು. ಹಲ್ಲು ಕಚ್ಚಿ ಅದನ್ನು ಅಲ್ಲೇ ನಿಲ್ಲಿಸಿದಳು. ಬಂತಲ್ಲ, ಸ್ಪಾಸ್ ಬೇಡವಾಯಿತಲ್ಲ, ಮೋಸವೂ ಬೇಡವಾಯಿತಲ್ಲ ಎಂದುಕೊಂಡಳು. ಪರಸ್ಥಳದವನು, ತಾನಾಗಿ ಬಂದವನು, ತಾನಾಗಿ ಆ ಹೆಸರು ಎತ್ತಿದ್ದಾನೆ.

ಡ್ರೈವರು ವಾಪಸು ಹೋಗಿ ಬುಟ್ಟಿಯಿಂದ ಮಗುವನ್ನು ಎತ್ತಿಕೊಂಡ. ಮಕ್ಕಳನ್ನು ಎತ್ತಿ ಅಭ್ಯಾಸವಿದ್ದ ಕೈ. ಕತ್ತಿನ ಕೆಳಗೆ ಬೆರಳು ಸರಿಯಾಗಿ ಹೋಯಿತು.

"ಸಿಕ್ಕವನಿಗೆ ನೈದೆನ್ ಅಂತಲೇ ಅಲ್ವಾ ಹಳೇ ಕಾಲದಲ್ಲಿ ಇಡ್ತಿದ್ದುದು?" ಎಂದು ಗಾಳಿಗೆ ಕೇಳಿದ. ಆಮೇಲೆ ದನಿ ಏರಿಸಿದ. "ಏನ್ರಮ್ಮಾ, ಗೋಡೆ ಹಿಂದೆ ಇರೋರೇ! ನಿಮ್ಮ ನೆರಳು ಹುಲ್ಲಿನ ಮೇಲೆ ಕಾಣ್ತಿದೆ. ಗೋಡೆ ಮೇಲಿನ ಅಜ್ಜ ನಿಮ್ಮೋರಾ? ಆ ಹೆಸರೇ ಇಡ್ಲಾ? ಒಂದು ಹೂಂ ಅಂದ್ರೆ ಸಾಕು."

ನೀರು ಸುರಿಯುತ್ತಿತ್ತು.

ಒಂದು ಹೂಂ. ಅದು ಮಾತೂ ಅಲ್ಲ. ಕೆಮ್ಮಿದರೂ ಸಾಕು, ಕಾಲಡಿಯ ಕಡ್ಡಿ ಮುರಿದರೂ ಅವನು ಅರ್ಥ ಮಾಡಿಕೊಳ್ಳುತ್ತಾನೆ. ರಲಿತ್ಸಾ ಅತ್ತೆಯ ಮುಖ ನೋಡಿದಳು. ಇಷ್ಟು ದಿನ ಆ ಮುಖದಲ್ಲಿದ್ದ ಆಸೆ ಅವಳಿಗೆ ಕಾಣದ್ದಲ್ಲ. ಹೇಳಿ ಎಂದು ಕಣ್ಣಲ್ಲೇ ಬೇಡಿದಳು. ವೆಲಿಕಾ ಅಲುಗಾಡದಿದ್ದಾಗ ತಾನೇ ಬಾಯಿ ತೆರೆದಳು.

ವೆಲಿಕಾ ತನ್ನ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. ಇನ್ನೊಂದು ಕೈ ತನ್ನ ಬಾಯಿಯ ಮೇಲಿತ್ತು. ಸೊಸೆಯ ಬಿಸಿಯುಸಿರು ಅಂಗೈಗೆ ತಾಗುತ್ತಿತ್ತು. ಹೇಳಿದರೆ ಏನೂ ಆಗದೆ ಇರಬಹುದು. ಬಹುಶಃ ಏನೂ ಆಗುವುದಿಲ್ಲ. ಆದರೆ ಮುಂದೆ ಯಾವತ್ತಾದರೂ ಆ ಮಗುವಿಗೆ ಒಂದು ಜ್ವರ ಬಂದರೆ, ಆ ಜ್ವರವನ್ನು ಮನೆಗೆ ಕರೆದವಳು ತಾನು, ತನ್ನ ನಾಲಿಗೆಯ ಚಪಲಕ್ಕೆ ಕರೆದೆ ಎಂದು ಎನಿಸದೆ ಇರುತ್ತದೆಯೇ? ಹೆಸರು ಬೇಕು ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಅವಳು ಸುಮ್ಮನೆ ನಿಂತಳು.

"ಸುಮ್ನಿದೀರಾ," ಎಂದ ಡ್ರೈವರು, ಸ್ವಲ್ಪ ಹೊತ್ತಿನ ಮೇಲೆ. "ಸರಿ ಬಿಡಿ, ಗೊತ್ತಾಯ್ತು. ನಿಮಗೆ ಇಷ್ಟ ಇಲ್ಲ. ನಂಗೂ ಅನ್ನಿಸ್ತು, ಕಪ್ಪಂಚಿನ ಹಾಳೆ ಮೇಲಿರೋ ಹೆಸರು ಕೂಸಿಗೆ ಯಾಕೆ? ಉಸಿರಾಡ್ತಿರೋ ಹೆಸರು ಕೊಡೋಣ." ಮಗುವನ್ನು ಮುಖದ ಮಟ್ಟಕ್ಕೆ ಎತ್ತಿದ. "ನಂದೇ ತಗೋಪ್ಪಾ. ಬೇರೆ ಏನೂ ಇಲ್ಲ ನನ್ ಹತ್ರ, ಬ್ರೆಡ್ ಬಿಟ್ಟರೆ. ನೀನು ರುಮೆನ್. ಕೇಳಿಸ್ತಾ? ರುಮೆನ್!"

ವೆಲಿಕಾ ಕೈ ಇಳಿಸಿದಳು. ಇನ್ನು ಯಾರು ಏನು ಬೇಕಾದರೂ ಮಾತಾಡಬಹುದಿತ್ತು. ಅವಳಿಗೆ ಆಡಲು ಏನೂ ಇರಲಿಲ್ಲ.

ರಲಿತ್ಸಾ ಗೋಡೆ ಸುತ್ತಿ ಓಡಿಹೋಗಿ ಮಗುವನ್ನು ತಬ್ಬಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ. ಅಷ್ಟು ಹೊತ್ತಿಗೆ ಓಣಿಯಿಂದ ಸ್ಪಾಸ್ ಬಂದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ಸೋಪಿನ ನೊರೆ. ಹಿಂದೆಯೇ ಗೆನಾ.

"ನೈದೆನ್!" ಎಂದು ಸ್ಪಾಸ್ ದೂರದಿಂದಲೇ ಕೂಗಿದ.

"ಈಗ ಕೂಗ್ತಾನೆ ನೋಡಿ!" ಎಂದಳು ಗೆನಾ. "ಮದುವೆಗೂ ಹೀಗೇ ಬಂದಿದ್ದ."

"ಗಡ್ಡ ಕೆರೀದೆ ಹೋದ್ರೆ ಧರ್ಮದಪ್ಪ ಅನ್ನಲ್ಲ, ಕರಡಿ ಅಂತಾರೆ ಅಂದವಳು ಯಾರು? ನಾನಾ ನೀನಾ?"

ಕೆಳಗಿನ ತಿರುವಿನಿಂದ ಬೊಯಾನ್ ಫಲಕ ಹಿಡಿದುಕೊಂಡೇ ಓಡಿ ಬಂದ. "ಒಂದು ಸೈಕಲ್ಲನ್ನೂ ಬಿಟ್ಟಿಲ್ಲ ನಾನು! ಇವರು ಎಲ್ಲಿಂದ ಬಂದ್ರು?"

"ಮೇಲಿಂದ," ಎಂದ ಡ್ರೈವರು, ಅಷ್ಟೇ. ಬೊಯಾನ್‌ಗೆ ಹೆಸರು ತಿಳಿದಾಗ ಅವನು ತಲೆ ಕೆರೆದುಕೊಂಡ. "ರುಮೆನ್... ಈಗ ಯಾರೂ ಇಡಲ್ಲ ಅಲ್ವಾ ಅದನ್ನ?"

"ನಮ್ಮ ಕ್ಲಾಸಲ್ಲಿ ನಾವು ಐದು ಜನ ಇದ್ವಿ. ಮೇಷ್ಟ್ರು ರುಮೆನ್ ಅಂದ್ರೆ ಐದು ಜನ ಎದ್ದು ನಿಲ್ತಿದ್ವಿ. ಈಗ ಎಲ್ಲಾ ಬೋಳು." ಡ್ರೈವರು ತನ್ನ ತಲೆ ಸವರಿಕೊಂಡ. "ನಮ್ಮ ಮನೇಲಿ ಎರಡೂ ಹೆಣ್ಣು. ಒಬ್ಬಳಿಗೆ ಈಗ ಗಂಡು ಮಗು ಇದೆ, ಅದಕ್ಕೆ ಏನೋ ಒಂದು ಹೆಸರಿಟ್ಟಿದಾಳೆ, ಬರೆದುಕೊಂಡ್ರೆ ಮಾತ್ರ ಹೇಳೋಕೆ ಬರುತ್ತೆ ನಂಗೆ." ಅವನು ನಕ್ಕ. ನಗು ಮುಗಿಯುವ ಹೊತ್ತಿಗೆ ಕಣ್ಣು ಮಗುವಿನ ಮೇಲಿತ್ತು. "ಇನ್ನು ನಂದು ಇಷ್ಟಕ್ಕೇ ಮುಗೀತು ಅಂದ್ಕೊಂಡಿದ್ದೆ."

ವೆಲಿಕಾ ಅವನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಹುಡುಕುತ್ತಿದ್ದವಳಿಗೆ ಸಿಟ್ಟಿಗೆ ಕಾಲೂರಲು ಜಾಗ ಸಿಗಲಿಲ್ಲ.

"ಹಬ್ಬಕ್ಕೆ ಬನ್ನಿ," ಎಂದಳು. "ಇನ್ನು ನೀವು ನಮ್ಮೋರು. ಧರ್ಮದಪ್ಪ ಬರದೆ ಊಟಕ್ಕೆ ಕೂರೋ ಹಾಗಿಲ್ಲ."

ಅವನು ಬಂದೇ ಬರುತ್ತೇನೆ ಎಂದು ಆಣೆ ಮಾಡಿ, ರಲಿತ್ಸಾಳ ತೋಳಿಗೆ ಬಿಸಿ ಬ್ರೆಡ್ಡುಗಳನ್ನು ತುಂಬಿ, ಇನ್ನೂ ಊರುಗಳು ಕಾಯುತ್ತಿವೆ ಎಂದು ವ್ಯಾನು ಹತ್ತಿದ. ಸ್ಪಾಸ್ ಉಳಿದ ಗಡ್ಡ ಕೆರೆಯಲು ಹೋದ. ಬೊಯಾನ್ ಬುಟ್ಟಿ ಹೊತ್ತು ಮುಂದೆ ನಡೆದ. ಮಗು ವೆಲಿಕಾಳ ಕೈಗೆ ಬಂದಿತ್ತು.

ರಲಿತ್ಸಾ ಅವಳ ಪಕ್ಕಕ್ಕೆ ಬಂದಳು. "ಯಾಕೆ ಅತ್ತೆ ಸುಮ್ನಿದ್ರಿ? ನನ್ನ ಬಾಯನ್ನೂ ಮುಚ್ಚಿದ್ರಿ."

"ಮುಚ್ಚಬೇಕಿತ್ತು."

"ಕಚೇರೀಲಿ ನೈದೆನ್ ಅಂತಲೇ ಬರೆಸೋಣ. ಅವರಿಗೇನು ಗೊತ್ತಾಗುತ್ತೆ? ಅವರು ಬಂದಾಗ ರುಮೆನ್ ಅನ್ನೋದು, ಮನೇಲಿ..."

"ಬೇಡ." ವೆಲಿಕಾ ಒಂದು ಕ್ಷಣ ನಿಂತಳು, ಉಸಿರಿಗೆಂಬಂತೆ. ಕೇಳದೆಯೇ ಸೊಸೆ ಕೊಡಲು ಬಂದದ್ದನ್ನು ಬೇಡವೆನ್ನುವುದು ಗೋಡೆಯ ಹಿಂದೆ ನಿಂತದ್ದಕ್ಕಿಂತ ಕಷ್ಟವಾಯಿತು. "ಕೊಟ್ಟೋನು ಮನಸಾರೆ ಕೊಟ್ಟಿದಾನೆ. ಒಂದು ಮಗೂಗೆ ಎರಡು ಹೆಸರು ಇಟ್ಟರೆ ಯಾವುದಕ್ಕೆ ತಿರುಗಿ ನೋಡಬೇಕು ಅದು?"

ರಲಿತ್ಸಾ ಬ್ರೆಡ್ಡುಗಳ ಮೇಲಿಂದ ಒಂದು ಕೈ ಬಿಡಿಸಿಕೊಂಡು ಅತ್ತೆಯ ತೋಳು ಹಿಡಿದಳು.

ದಾರಿ ಏರುವಲ್ಲಿ ಬಿಸಿಲು ಮುಖಕ್ಕೆ ಹೊಡೆಯಿತು. ಮಗು ಮುಖ ಸಿಂಡರಿಸಿ ಅಳತೊಡಗಿತು, ಆಸ್ಪತ್ರೆಯಿಂದ ಬಂದ ಮೇಲೆ ಯಾವತ್ತೂ ಅಳದಷ್ಟು ಜೋರಾಗಿ. ವೆಲಿಕಾ ಅದನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು. ಹೆಸರು ಹಿಡಿದು ಸಮಾಧಾನ ಮಾಡಬೇಕೆಂದು ಬಾಯಿ ತೆರೆದಳು. ನಾಲಿಗೆ ತನಗೆ ಗೊತ್ತಿದ್ದ ಕಡೆಗೇ ಹೊರಟಿತು. ಅದನ್ನು ತಿರುಗಿಸಿ ಕರೆದುಕೊಂಡು ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ರುಮೆನೇ," ಎಂದಳು. ಬೇರೆ ಯಾರದೋ ಮನೆಯ ಮಗುವನ್ನು ಕರೆದ ಹಾಗಿತ್ತು.

ಮಗು ಅಳು ನಿಲ್ಲಿಸಲಿಲ್ಲ. ಅವಳು ಇನ್ನೊಂದು ಸಲ ಕರೆದಳು.